ಹಿಮ್ಮಡಿ ಏಕೆ ಒಡೆಯುತ್ತದೆ?

ಮಾಗಿಯ ಚಳಿ ಕಾಲಿಟ್ಟಿತೆಂದರೆ ನಮ್ಮ ಬಯಲುಸೀಮೆಯ ಹಳ್ಳಿಗಳಲ್ಲಿ ಹಿಮ್ಮಡಿ ಒಡೆಯದವರು ವಿರಳ. ಅದೇ ಗಾಳಿ, ಅದೇ ಚಳಿ ಮುಖಕ್ಕೂ ಮುಂಗೈಗೂ ತಗಲುತ್ತದೆ. ಆದರೆ ಆಳವಾಗಿ ಸೀಳುವುದು ಹಿಮ್ಮಡಿಯೇ. ಇದಕ್ಕೆ ಕಾರಣವನ್ನು ಚರ್ಮದ ರಚನೆಯಲ್ಲಿಯೇ ಹುಡುಕಬೇಕು.

ಚರ್ಮದಲ್ಲಿ ಮುಖ್ಯವಾಗಿ ಎರಡು ಪದರಗಳು. ಒಳಚರ್ಮದಲ್ಲಿ ರಕ್ತನಾಳಗಳೂ ಜ್ಞಾನತಂತುಗಳೂ ಹರಡಿಕೊಂಡಿವೆ. ಹೊರಚರ್ಮದಲ್ಲಿ ರಕ್ತನಾಳಗಳಿಲ್ಲ. ಅದರ ಬುಡದಲ್ಲಿ ಹುಟ್ಟಿದ ಜೀವಕೋಶಗಳು ಮೇಲಕ್ಕೆ ಸರಿಯುತ್ತ, ಚಪ್ಪಟೆಯಾಗುತ್ತ, ಕಡೆಗೆ ಸತ್ತು ಕೊಂಬಿನಂತಹ ಹೊದಿಕೆಯಾಗುತ್ತವೆ. ಸತ್ತದ್ದೆಂದು ಇದನ್ನು ತಾತ್ಸಾರ ಮಾಡುವಂತಿಲ್ಲ. ದೇಹದ ನೀರು ಆರಿಹೋಗದಂತೆ, ಹೊರಗಿನ ಕ್ರಿಮಿ ಒಳನುಗ್ಗದಂತೆ ಕಾಯುವ ಗೋಡೆ ಇದೇ. ಕೋಶಗಳು ಇಟ್ಟಿಗೆಗಳಾದರೆ ಅವುಗಳ ನಡುವಣ ಜಿಡ್ಡೇ ಗಾರೆ. ಮೈಯ ಬಹುಭಾಗದಲ್ಲಿ ಈ ಗೋಡೆಯ ದಪ್ಪ ಒಂದು ಮಿಲಿಮೀಟರಿನ 50ರಲ್ಲಿ ಒಂದು ಪಾಲಿನಷ್ಟು. ಅಂಗಾಲಿನಲ್ಲಿ ಅದು ಒಂದು ಮಿಲಿಮೀಟರನ್ನೂ ಮೀರಬಹುದು.

ಗೋಡೆ ದಪ್ಪವಾದಷ್ಟೂ ಬಲವಲ್ಲವೇ? ಮೆತ್ತಗಿರುವ ತನಕ ಹೌದು. ಆದರೆ ಅಂಗೈ ಅಂಗಾಲುಗಳಲ್ಲಿ ಜಿಡ್ಡನ್ನು ಒಸರುವ ಸ್ನೇಹಗ್ರಂಥಿಗಳೇ ಇಲ್ಲ; ಸ್ವೇದಗ್ರಂಥಿಗಳು ಮಾತ್ರ ಹೇರಳ. ಚಳಿಗಾಲದಲ್ಲಿ ಬೆವರು ಕಡಿಮೆಯಾಗಿ, ಒಣಗಾಳಿ ತೇವವನ್ನು ಹೀರಿದಾಗ ಆ ದಪ್ಪ ಹೊದಿಕೆ ಬಿರುಸಾಗುತ್ತದೆ. ಇತ್ತ ಹೆಜ್ಜೆ ಹೆಜ್ಜೆಗೂ ಮೈಭಾರಕ್ಕೆ ಸಿಕ್ಕಿ ಹಿಮ್ಮಡಿಯೊಳಗಿನ ಕೊಬ್ಬಿನ ಮೆತ್ತೆ ಪಕ್ಕಕ್ಕೆ ಉಬ್ಬುತ್ತದೆ. ಬಿರುಸಾದ ಹೊದಿಕೆ ಹಿಗ್ಗಲಾರದೆ ಅಂಚಿನಲ್ಲಿ ಸೀಳುತ್ತದೆ. ಬರಿಗಾಲಿನವರಿಗೂ ಹಿಂಬದಿ ತೆರೆದ ಚಪ್ಪಲಿ ಮೆಟ್ಟುವವರಿಗೂ ಈ ಉಬ್ಬನ್ನು ತಡೆಹಿಡಿಯುವ ಆಸರೆಯಿಲ್ಲ.

ಅಮೆರಿಕದ ಇರ್ವಿನ್ ಬ್ಲ್ಯಾಂಕ್ ಎಂಬ ವಿಜ್ಞಾನಿ 1952ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ನನಗೆ ಬಹಳ ಹಿಡಿಸಿತು. ಒಣಗಿದ ಚರ್ಮದ ತುಂಡನ್ನು ಎಣ್ಣೆಯಲ್ಲಿ ನೆನೆಹಾಕಿದರೂ ಅದು ಬಿರುಸಾಗಿಯೇ ಉಳಿಯಿತು. ನೀರನ್ನು ಹೀರಿದಾಗ ಮಾತ್ರ ಬಾಗಿತು! ಮೆತ್ತಗೆ ಮಾಡುವುದು ನೀರು. ಎಣ್ಣೆ ಆ ನೀರನ್ನು ಹಿಡಿದಿಡುವ ಮುಚ್ಚಳ ಮಾತ್ರ. ಆದುದರಿಂದ ಒಣಗಿದ ಕಾಲಿಗೆ ಎಣ್ಣೆ ತಿಕ್ಕಿ ಹೆಚ್ಚಿನ ಫಲವಿಲ್ಲ. ಕಾಲನ್ನು ಸ್ವಲ್ಪ ಹೊತ್ತು ನೀರಿನಲ್ಲಿ ನೆನೆಯಿಸಿ, ಒರೆಸಿ, ಪಸೆ ಆರುವ ಮೊದಲೇ ಕೊಬ್ಬರಿ ಎಣ್ಣೆಯನ್ನೋ ವ್ಯಾಸಲೀನನ್ನೋ ಸವರಬೇಕು. ನಮ್ಮ ಅಜ್ಜಿಯರ ಎಣ್ಣೆ ಸರಿಯೇ. ವೇಳೆ ನೋಡಿ ಹಚ್ಚಬೇಕು, ಅಷ್ಟೆ. ಕ್ಷಾರವುಳ್ಳ ಸೋಪಿನಿಂದ ಮತ್ತೆ ಮತ್ತೆ ಉಜ್ಜಿದರೆ ಗಾರೆಯೇ ಕೊಚ್ಚಿಹೋಗುತ್ತದೆ.

ಬಿರುಕು ಒಳಚರ್ಮವನ್ನು ಮುಟ್ಟಿದಾಗ ರಕ್ತ ಬರುತ್ತದೆ, ನೋಯುತ್ತದೆ, ಕ್ರಿಮಿಗಳಿಗೆ ದಾರಿಯಾಗುತ್ತದೆ. ನೋವಾದರೆ ಒಳ್ಳೆಯದೆಂದೇ ಹೇಳಬೇಕು. ನೊಂದವನು ಕಾಲನ್ನು ನೋಡಿಕೊಳ್ಳುತ್ತಾನೆ. ಬಹುಕಾಲದ ಮಧುಮೇಹದಲ್ಲಿ ಅನೇಕರ ಪಾದದ ಜ್ಞಾನತಂತುಗಳು ಜಡವಾಗುತ್ತವೆ. ಬೆವರನ್ನು ಆಳುವ ತಂತುಗಳೂ ಕೆಡುವುದರಿಂದ ಚರ್ಮ ಇನ್ನಷ್ಟು ಒಣಗಿ ಸೀಳುತ್ತದೆ. ಸೀಳಿದ್ದು ಮಾತ್ರ ರೋಗಿಗೆ ತಿಳಿಯದು. ಹೀಗೆ ಮೊದಲಾದ ಹುಣ್ಣು ಕಾಲನ್ನು ಕತ್ತರಿಸುವ ಹಂತಕ್ಕೂ ಹೋಗುವುದುಂಟು. ಮನೆಯಲ್ಲಿ ಮಧುಮೇಹವುಳ್ಳ ಹಿರಿಯರಿದ್ದರೆ ಪ್ರತಿದಿನ ಅವರ ಅಂಗಾಲನ್ನು ಬೆಳಕಿನಲ್ಲಿ ನೋಡುವ ಕೆಲಸವನ್ನು ನಮ್ಮಂತಹ ಎಳೆಯರು ವಹಿಸಿಕೊಳ್ಳಬಹುದು. ಬ್ಲೇಡಿನಿಂದ ಹೆರೆಯಲು ಬಿಡಬಾರದು. ಬಿರುಕು ಕೆಂಪೇರಿದರೆ, ಕೀವಾದರೆ ಅಂದೇ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಕಾಲು ತೊಳೆಯುವ ನೀರಿನ ಬಿಸಿಯನ್ನು ಅವರ ಕಾಲಿನಿಂದಲ್ಲ, ಬೇರೊಬ್ಬರ ಕೈಯಿಂದ ಪರೀಕ್ಷಿಸಬೇಕು.