ಕಲಿಸುವುದಕ್ಕೂ ಅನುಮತಿ ಬೇಕೆ?

ಬಸವಕಲ್ಯಾಣದ ಒಂದು ತರಗತಿಯಲ್ಲಿ ದತ್ತಸಂಚಯದ, ಅಂದರೆ ಡೇಟಾಬೇಸಿನ, ಪಾಠ ನಡೆಯುತ್ತಿದೆಯೆಂದು ಭಾವಿಸೋಣ. ಅಭ್ಯಾಸಕ್ಕಾಗಿ ಕಾಲ್ಪನಿಕ ಪಹಣಿಗಳನ್ನು ಕೋಷ್ಟಕಗಳಲ್ಲಿ ತುಂಬಿದ್ದೇವೆ. ತಂತ್ರಾಂಶಕ್ಕೆ ಹಣ ತೆತ್ತಿಲ್ಲ. ಆದರೆ ಹಣ ಬೇಡವೆಂದ ಮಾತ್ರಕ್ಕೆ ಅದನ್ನು ಯಾವ ಕೆಲಸಕ್ಕಾದರೂ ಬಳಸಬಹುದೆಂದು ಅರ್ಥವಲ್ಲ.

ಒರೇಕಲ್ ಸಂಸ್ಥೆಯು ಹಿಂದೆ ಡೆವಲಪರುಗಳಿಗೆ ಉಚಿತವಾಗಿ ಕೊಡುತ್ತಿದ್ದ ಪರವಾನಗಿಯನ್ನು ನೋಡಿರಿ. ಸ್ವಂತ ಕಾರ್ಯಕ್ರಮವನ್ನು ರಚಿಸಿ ಪರೀಕ್ಷಿಸಲು ಅದು ಒಪ್ಪುತ್ತಿತ್ತು. ಹೊರಗಿನವರಿಗೆ ಆ ತಂತ್ರಾಂಶವನ್ನು ಕಲಿಸುವುದನ್ನು ನಿಷೇಧಿಸಿತ್ತು. ಅದೇ ಸಂಸ್ಥೆಯ 2011ರ ಎಕ್ಸ್‌ಪ್ರೆಸ್ ಆವೃತ್ತಿಯಾದರೋ ಇತರರ ತರಬೇತಿಗೆ ಸ್ಪಷ್ಟ ಅನುಮತಿಯನ್ನಿತ್ತಿತು. ಅದರ ಕಟ್ಟುಪಾಡು ಬೇರೆ ಬಗೆಯದು: ಒಂದೇ ಪ್ರೊಸೆಸರ್, 1 ಗಿಗಾಬೈಟ್ ಸ್ಮೃತಿ, 11 ಗಿಗಾಬೈಟ್ ದತ್ತಾಂಶ. ಪಹಣಿಯೊಂದಕ್ಕೆ 2 ಕಿಲೋಬೈಟ್ ಎಂದು ಲೆಕ್ಕ ಹಾಕಿದರೂ ಸುಮಾರು 55 ಲಕ್ಷ ಪಹಣಿಗಳು ಅದರಲ್ಲಿ ಹಿಡಿಯುತ್ತವೆ! ವಿದ್ಯಾರ್ಥಿಗೆ ಸಾವಿರವೇ ಹೆಚ್ಚು. ಆದುದರಿಂದ ಗಾತ್ರದ ಮಿತಿಗಿಂತ ಮೊದಲು ಉದ್ದೇಶದ ಮಿತಿಯನ್ನು ಓದಬೇಕೆಂಬುದು ನಮ್ಮ ಮತ.

ಮೈಕ್ರೋಸಾಫ್ಟ್ ಎಸ್‌ಕ್ಯೂಎಲ್ ಸರ್ವರಿನ ಡೆವಲಪರ್ ಆವೃತ್ತಿಯೂ ಉಚಿತ, ಸೌಲಭ್ಯಗಳೆಲ್ಲವೂ ಉಂಟು. ಆದರೆ ನೈಜ ವ್ಯವಹಾರಕ್ಕೆ ಅದು ಸಲ್ಲದು. ಪಾಠ ಮುಗಿದ ಮೇಲೆ ಅದರಲ್ಲಿಯೇ ಹುಮನಾಬಾದಿನ ಅಂಗಡಿಯೊಂದರ ನಿತ್ಯದ ಲೆಕ್ಕವಿಟ್ಟರೆ ಷರತ್ತು ಮುರಿದಂತೆಯೇ. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನ ಪರವಾನಗಿಯಲ್ಲಿ ಈ ಭೇದವಿಲ್ಲ. ಪಾಠಕ್ಕೂ ಅಂಗಡಿಗೂ ಅದು ಒಂದೇ.