ಕಿವಿಯೊಳಗಿನ ಇಯರ್‌ಫೋನು: ನಾದವೂ ನೆಮ್ಮದಿಯೂ

ಕೆಲವು ತಿಂಗಳ ಹಿಂದೆ ನಮ್ಮ ಇಬ್ಬರು ವಿದ್ಯಾರ್ಥಿಗಳು ಒಂದು ವಿವಾದವನ್ನು ಹೊತ್ತುಕೊಂಡು ಪ್ರಯೋಗಾಲಯಕ್ಕೆ ಬಂದರು. ಇಬ್ಬರೂ ಒಂದೇ ಅಂಗಡಿಯಲ್ಲಿ, ತಲಾ ೭೦೦ ರೂಪಾಯಿ ಕೊಟ್ಟು, ಒಂದೇ ಬಗೆಯ ಇಯರ್‌ಫೋನುಗಳನ್ನು ಕೊಂಡಿದ್ದರು. ಒಬ್ಬನಿಗೆ ಅದರಲ್ಲಿ ಮೃದಂಗದ ನಾದ ತುಂಬಿ ಕೇಳುತ್ತಿತ್ತು. ಇನ್ನೊಬ್ಬನಿಗಾದರೋ ಅದೇ ಕಚೇರಿ ತಗಡಿನ ಡಬ್ಬಿಯೊಳಗಿನಿಂದ ಬಂದಂತೆ ಕೇಳುತ್ತಿತ್ತು. “ಸಾರ್, ನನ್ನ ಪಾಲಿಗೆ ಕೆಟ್ಟ ಮಾಲು ಬಂದಿದೆ, ಎರಡು ಸಾವಿರದ್ದನ್ನೇ ಕೊಳ್ಳಬೇಕಾಗಿತ್ತು” ಎಂಬುದು ಅವನ ದೂರು. ಇಯರ್‌ಫೋನುಗಳ ತುದಿಗಳನ್ನು ಚೆನ್ನಾಗಿ ಒರೆಸಿ, ಇಬ್ಬರೂ ಅದಲುಬದಲು ಮಾಡಿಕೊಂಡು ಕೇಳುವಂತೆ ಹೇಳಿದೆವು. ದೂರು ಇಯರ್‌ಫೋನಿನ ಜೊತೆಗೆ ಹೋಗಲಿಲ್ಲ; ವಿದ್ಯಾರ್ಥಿಯ ಬಳಿಯಲ್ಲಿಯೇ ಉಳಿಯಿತು!

ದೋಷವು ವಸ್ತುವಿನಲ್ಲಿ ಇರಲಿಲ್ಲವೆಂಬುದು ಇದರಿಂದ ಸ್ಪಷ್ಟವಾಯಿತು. ಹಾಗಾದರೆ ಅದು ಎಲ್ಲಿತ್ತು? ಇದನ್ನು ತಿಳಿಯಬೇಕಾದರೆ ನಾವು ಇಯರ್‌ಫೋನನ್ನು ಮಾತ್ರವಲ್ಲದೆ ಅದು ಕುಳಿತುಕೊಳ್ಳುವ ಸ್ಥಳವನ್ನೂ ಪರಿಶೀಲಿಸಬೇಕು.

ಕಿವಿಯ ನಾಳ

ಕಿವಿಯ ಹಾಲೆಯ ನಡುವಣ ರಂಧ್ರದಿಂದ ಒಳಕ್ಕೆ ಸುಮಾರು ೨.೫ ಸೆಂಟಿಮೀಟರ್ ಉದ್ದದ, ಹೆಚ್ಚು ಕಡಮೆ ಪೆನ್ಸಿಲಿನಷ್ಟು ದಪ್ಪದ ನಾಳವೊಂದು ತುಸು ಡೊಂಕಾಗಿ ಸಾಗಿ ಕಿವಿಯ ತಮಟೆಯಲ್ಲಿ ಕೊನೆಗಾಣುತ್ತದೆ. ನಾಳದ ಹೊರಭಾಗದ ಗೋಡೆ ಮೃದ್ವಸ್ಥಿಯದು, ಒಳಭಾಗದ್ದು ಮೂಳೆ. ಮೂಳೆಯ ಮೇಲಿನ ಚರ್ಮ ಬಹಳ ತೆಳುವಾದುದರಿಂದ ಅಲ್ಲಿ ಅಲ್ಪ ಸ್ಪರ್ಶವೂ ನೋವನ್ನುಂಟುಮಾಡಬಲ್ಲದು. ನಾಳದ ಅಳತೆ ಎಲ್ಲರಲ್ಲಿಯೂ ಒಂದೇ ಸಮನಲ್ಲ. ಒಬ್ಬನದೇ ಎಡ ಬಲ ಕಿವಿಗಳಲ್ಲಿಯೂ ವ್ಯತ್ಯಾಸವಿರುವುದುಂಟು.

ಇಯರ್‌ಫೋನುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಹಾಲೆಯ ಬಟ್ಟಲಿನಲ್ಲಿ ಸುಮ್ಮನೆ ಕುಳಿತು ನಾಳದ ಬಾಯಿಯನ್ನು ತೆರೆದೇ ಬಿಡುವಂಥದು. ಇನ್ನೊಂದು, ಸಿಲಿಕೋನ್ ಅಥವಾ ಸ್ಪಂಜಿನ ಮೆತ್ತನೆಯ ತುದಿಯ ಸಹಾಯದಿಂದ ನಾಳದೊಳಕ್ಕೆ ಸೇರಿ ಅದನ್ನು ಮುಚ್ಚುವಂಥದು. ಸಿಲಿಕೋನಿನದಾದರೂ ಈ ತುದಿಯನ್ನು ಜನ ‘ರಬ್ಬರು’ ಎಂದೇ ಕರೆಯುತ್ತಾರೆ. ನಾವೂ ಹಾಗೆಯೇ ಕರೆಯೋಣ. ನಾವು ಇಲ್ಲಿ ವಿಚಾರ ಮಾಡುತ್ತಿರುವುದು ಈ ಎರಡನೆಯ ಬಗೆಯನ್ನು.

ಮುಚ್ಚಿದ ಗಾಳಿಯ ಗುಟ್ಟು

ಇಯರ್‌ಫೋನಿನೊಳಗೆ ತೆಳುವಾದ ಒಂದು ಪೊರೆಯಿದೆ. ಅದಕ್ಕೆ ತಂತಿಯ ಸುರುಳಿಯೊಂದನ್ನು ಅಂಟಿಸಿ, ಸುರುಳಿಯನ್ನು ಅಯಸ್ಕಾಂತದ ಕ್ಷೇತ್ರದಲ್ಲಿ ಇಟ್ಟಿರುತ್ತಾರೆ. ಸುರುಳಿಯಲ್ಲಿ ಹರಿಯುವ ವಿದ್ಯುತ್ತು ಹೆಚ್ಚು ಕಡಮೆಯಾದಂತೆ ಪೊರೆ ಹಿಂದು ಮುಂದಾಗಿ ಕಂಪಿಸುತ್ತದೆ. ಪೊರೆಯ ವ್ಯಾಸ ಸಾಮಾನ್ಯವಾಗಿ ೧೦ ಮಿಲಿಮೀಟರಿನ ಆಸುಪಾಸು. ದೇವಸ್ಥಾನದ ಉತ್ಸವದಲ್ಲಿ ಮಂದ್ರಸ್ವರಗಳನ್ನು ನುಡಿಸಲು ಹರಿವಾಣದಷ್ಟು ಅಗಲದ ಧ್ವನಿವರ್ಧಕ ಬೇಕಾಗುವಾಗ, ಈ ಪುಟ್ಟ ಪೊರೆ ಅದೇ ಕೆಲಸವನ್ನು ಹೇಗೆ ಮಾಡುತ್ತದೆ?

ಒಂದು ಲೆಕ್ಕ ಮಾಡಿ ನೋಡೋಣ. ೮೦ ಡೆಸಿಬೆಲ್ ಮಟ್ಟದ ಶಬ್ದವೆಂದರೆ ಗಾಳಿಯ ಒತ್ತಡದಲ್ಲಿ ೦.೨ ಪ್ಯಾಸ್ಕಲ್ ಏರಿಳಿತ. ವಾತಾವರಣದ ಒತ್ತಡವಾದರೋ ಸುಮಾರು ೧,೦೦,೦೦೦ ಪ್ಯಾಸ್ಕಲ್. ಆದುದರಿಂದ ಏರಿಳಿತವು ಇಡೀ ಒತ್ತಡದ ೫ ಲಕ್ಷದಲ್ಲಿ ಒಂದು ಪಾಲು ಮಾತ್ರ. ಶಾಖ ಹೊರಹೋಗಲು ಸಮಯವಿಲ್ಲದಷ್ಟು ಬೇಗ ಗಾಳಿಯನ್ನು ಅದುಮಿದಾಗ ಒತ್ತಡ ಏರುವ ಪ್ರಮಾಣವು ಗಾತ್ರ ಕುಗ್ಗುವ ಪ್ರಮಾಣದ ೧.೪ ಪಟ್ಟು ಇರುತ್ತದೆ. ಎಂದರೆ ಗಾಳಿಯ ಗಾತ್ರ ೭ ಲಕ್ಷದಲ್ಲಿ ಒಂದು ಪಾಲು ಕುಗ್ಗಿದರೆ ಸಾಕು. ಇಯರ್‌ಫೋನಿಗೂ ತಮಟೆಗೂ ನಡುವೆ ಸಿಕ್ಕಿಕೊಂಡ ಗಾಳಿ ಸ್ಥೂಲವಾಗಿ ಒಂದು ಘನ ಸೆಂಟಿಮೀಟರ್ ಎಂದಿಟ್ಟುಕೊಂಡರೆ, ಕುಗ್ಗಬೇಕಾದುದು ಒಂದು ಘನ ಮಿಲಿಮೀಟರಿನ ೭೦೦ರಲ್ಲಿ ಒಂದು ಪಾಲು. ಇದನ್ನು ಪೊರೆಯ ವಿಸ್ತೀರ್ಣವಾದ ೭೮ ಚದರ ಮಿಲಿಮೀಟರಿನಿಂದ ಭಾಗಿಸಿದರೆ, ಪೊರೆ ಒಂದು ಮಿಲಿಮೀಟರಿನ ಸುಮಾರು ೫೫ ಸಾವಿರದಲ್ಲಿ ಒಂದು ಪಾಲು ಚಲಿಸಿದರೆ ಸಾಕೆಂದು ಉತ್ತರ ಬರುತ್ತದೆ!

ಆದರೆ ಈ ಲೆಕ್ಕಕ್ಕೆ ಒಂದು ನಿಬಂಧನೆಯುಂಟು: ಗಾಳಿ ಸಿಕ್ಕಿಕೊಂಡೇ ಇರಬೇಕು. ಸೈಕಲ್ ಪಂಪಿನ ಬಾಯನ್ನು ಹೆಬ್ಬೆರಳಿನಿಂದ ಬಿಗಿಯಾಗಿ ಮುಚ್ಚಿ ಹಿಡಿಕೆಯನ್ನು ಒತ್ತಿ ನೋಡಿರಿ. ಗಾಳಿ ಎದುರಿಗೆ ನೂಕುತ್ತದೆ. ಬೆರಳನ್ನು ಸ್ವಲ್ಪ ಸಡಿಲಿಸಿ ನಿಧಾನವಾಗಿ ಒತ್ತಿದರೆ ಗಾಳಿ ಸಂದಿಯಿಂದ ಸುಮ್ಮನೆ ನುಸುಳಿ ಹೋಗುತ್ತದೆ. ಅದೇ ಸಡಿಲ ಬೆರಳಿನಲ್ಲಿಯೇ ಹಿಡಿಕೆಯನ್ನು ಥಟ್ಟನೆ ಒತ್ತಿದರೆ, ನುಸುಳಲು ಅವಕಾಶ ಸಾಲದೆ ಗಾಳಿ ಮತ್ತೆ ಎದುರಿಸುತ್ತದೆ. ಇಯರ್‌ಫೋನಿನಲ್ಲಿಯೂ ಹೀಗೆಯೇ. ಸೆಕೆಂಡಿಗೆ ೬೦ ಅಥವಾ ೧೦೦ ಸಲ ಕಂಪಿಸುವ ಮಂದ್ರಸ್ವರ ನಿಧಾನದ ಒತ್ತು. ಸೆಕೆಂಡಿಗೆ ಸಾವಿರಾರು ಸಲ ಕಂಪಿಸುವ ತಾರಸ್ವರ ಥಟ್ಟನೆಯ ಒತ್ತು. ರಬ್ಬರಿನ ಅಂಚಿನಲ್ಲಿ ಕೂದಲೆಳೆಯಷ್ಟು ಸಂದಿ ಇದ್ದರೂ ಮಂದ್ರಸ್ವರಗಳ ಒತ್ತಡ ಸೋರಿಹೋಗಿ, ತಾರಸ್ವರಗಳು ಮಾತ್ರ ತಮಟೆಯನ್ನು ತಲುಪುತ್ತವೆ.

ನಮ್ಮ ವಿದ್ಯಾರ್ಥಿಯ ತಗಡಿನ ಡಬ್ಬಿ ಇದೇ. ಅವನ ಕಿವಿನಾಳ ಸ್ವಲ್ಪ ಅಗಲ. ಅವನು ಬಳಸುತ್ತಿದ್ದುದು ಇಯರ್‌ಫೋನಿಗೆ ಮೊದಲೇ ಹಾಕಿದ್ದ ನಡುವಣ ಅಳತೆಯ ರಬ್ಬರು. ಪೆಟ್ಟಿಗೆಯೊಳಗೆ ಬಿದ್ದಿದ್ದ ದೊಡ್ಡ ರಬ್ಬರನ್ನು ತರಿಸಿ ಹಾಕಿಸಿದೆವು. ಮೃದಂಗ ಮರಳಿ ಬಂದಿತು. ಅದಕ್ಕಾಗಿ ಒಂದು ಕಾಸೂ ಖರ್ಚಾಗಲಿಲ್ಲ.

೩,೦೦೦ ಹರ್ಟ್ಸಿನ ಸುತ್ತಮುತ್ತ

ಇಷ್ಟರಿಂದ, ರಬ್ಬರು ಸರಿಯಾಗಿ ಕುಳಿತರೆ ಎಲ್ಲ ಇಯರ್‌ಫೋನುಗಳೂ ಒಂದೇ ಎಂದು ಭಾವಿಸಬಾರದು. ಕೊಳಲಿನಂತೆ ಕಿವಿಯ ನಾಳಕ್ಕೂ ತನ್ನದೇ ಆದ ಅನುರಣನವುಂಟು. ಒಂದು ತುದಿ ತೆರೆದು ಇನ್ನೊಂದು ತುದಿ ಮುಚ್ಚಿದ ನಳಿಗೆಯಲ್ಲಿ, ಉದ್ದದ ನಾಲ್ಕರಷ್ಟು ತರಂಗದೂರವುಳ್ಳ ಶಬ್ದ ಬಲಗೊಳ್ಳುವುದೆಂದು ನೀವು ಓದಿರುವಿರಿ. ೨.೫ ಸೆಂಟಿಮೀಟರಿನ ನಾಲ್ಕರಷ್ಟು ೧೦ ಸೆಂಟಿಮೀಟರ್. ಶಬ್ದದ ವೇಗ ಸೆಕೆಂಡಿಗೆ ೩೪೦ ಮೀಟರ್. ಭಾಗಿಸಿದರೆ ೩,೪೦೦ ಹರ್ಟ್ಸ್. ನಿಜವಾದ ಕಿವಿಯಲ್ಲಿ ಇದು ೩,೦೦೦ ಹರ್ಟ್ಸಿನ ಸಮೀಪದಲ್ಲಿರುತ್ತದೆ. ಹುಟ್ಟಿದಂದಿನಿಂದ ನಾವು ಕೇಳಿರುವ ದನಿಗಳೆಲ್ಲವೂ ಈ ಭಾಗದಲ್ಲಿ ಬಲಗೊಂಡೇ ನಮ್ಮ ತಮಟೆಯನ್ನು ತಲುಪಿವೆ.

ನಾಳದ ಬಾಯಿಯನ್ನು ಮುಚ್ಚಿದೊಡನೆ ಈ ಸಹಜ ಅನುರಣನ ತಪ್ಪಿಹೋಗುತ್ತದೆ. ಆದಕಾರಣ ಇಯರ್‌ಫೋನನ್ನು ರಚಿಸುವವರು ಆ ಬಲವನ್ನು ತಾವೇ ತುಂಬಿಕೊಡಬೇಕು. ಕಡಮೆ ತುಂಬಿದರೆ ಗಾಯಕನು ಕಂಬಳಿಯ ಮರೆಯಲ್ಲಿ ಹಾಡಿದಂತಾಗುತ್ತದೆ. ಇನ್ನೂ ಮೇಲೆ, ೬,೦೦೦ದಿಂದ ೮,೦೦೦ ಹರ್ಟ್ಸಿನ ಕಡೆಗೆ, ಅತಿಯಾಗಿ ತುಂಬಿದರೆ ‘ಸ’ ‘ಶ’ ಅಕ್ಷರಗಳು ಚುಚ್ಚುತ್ತವೆ. ಅಗ್ಗದ ಇಯರ್‌ಫೋನುಗಳಲ್ಲಿ ಕೆಲವು, ಕೊಳ್ಳುವವರನ್ನು ಮೆಚ್ಚಿಸಲು ಮಂದ್ರಭಾಗವನ್ನೇ ವಿಪರೀತ ಹೆಚ್ಚಿಸಿಕೊಂಡು ಬರುತ್ತವೆ. ಮಂದ್ರದ ಗದ್ದಲ ಅದಕ್ಕಿಂತ ಮೇಲಿನ ಸ್ವರಗಳನ್ನು ಮರೆಮಾಡುವುದರಿಂದ ಸಾಹಿತ್ಯ ಅಸ್ಪಷ್ಟವಾಗುತ್ತದೆ.

ಈ ಹದಕ್ಕೂ ಬೆಲೆಗೂ ಸಂಬಂಧವುಂಟೆ? ಯೆರೂನ್ ಬ್ರೇಬಾರ್ಟ್ ಎಂಬ ಸಂಶೋಧಕರು ೨೮೩ ಹೆಡ್‌ಫೋನುಗಳನ್ನು ಅಳತೆ ಮಾಡಿ ೨೦೧೭ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಸ್ವರಗಳ ಸಮತೋಲಕ್ಕೂ ಮಾರುಕಟ್ಟೆಯ ಬೆಲೆಗೂ ಸಂಬಂಧ ಕಂಡುಬರಲಿಲ್ಲವೆಂದು ತಿಳಿಸಿದ್ದಾರೆ. ಹೆಚ್ಚಿನ ಬೆಲೆಗೆ ಗಟ್ಟಿಯಾದ ತಂತಿ, ಅಂದವಾದ ಹೊರಕವಚ, ತಂತಿಯಿಲ್ಲದೆ ಕೇಳುವ ಸೌಕರ್ಯ ದೊರೆಯಬಹುದು. ಒಳ್ಳೆಯ ನಾದ ದೊರೆತೇ ತೀರುವುದೆಂಬ ಭರವಸೆಯಿಲ್ಲ.

ನೆಮ್ಮದಿಯ ವಿಚಾರ

ನಾದವೂ ನೆಮ್ಮದಿಯೂ ಎರಡು ಬೇರೆ ಬೇರೆ ಗುಣಗಳೆಂದು ಬಹುಮಂದಿ ಎಣಿಸುತ್ತಾರೆ. ಮೇಲಿನ ವಿವರಣೆಯನ್ನು ಓದಿದವರಿಗೆ ಇವೆರಡೂ ಒಂದೇ ರಬ್ಬರನ್ನು ಅವಲಂಬಿಸಿವೆಯೆಂಬುದು ವಿದಿತವಾಗಿರಬೇಕು. ರಬ್ಬರು ಚಿಕ್ಕದಾದರೆ ಸೋರುತ್ತದೆ. ದೊಡ್ಡದಾದರೆ ನಾಳದ ಗೋಡೆಯನ್ನು ಒತ್ತಿ ಅರ್ಧ ಗಂಟೆಯಲ್ಲಿ ನೋವು ತರುತ್ತದೆ. ನೋವೆಂದು ಹೊರಕ್ಕೆ ಸರಿಸಿದರೆ ಮತ್ತೆ ಸೋರಿಕೆ. ಆದುದರಿಂದ ಪೆಟ್ಟಿಗೆಯಲ್ಲಿ ಬಂದ ಎಲ್ಲ ಅಳತೆಗಳನ್ನೂ ಹಾಕಿ ನೋಡಬೇಕು. ಎಡಗಿವಿಗೆ ಒಂದು, ಬಲಗಿವಿಗೆ ಇನ್ನೊಂದು ಅಳತೆ ಹೊಂದಿದರೆ ಸಂಕೋಚಪಡಬೇಕಾಗಿಲ್ಲ. ಹಾಕುವಾಗ ಇನ್ನೊಂದು ಕೈಯಿಂದ ಹಾಲೆಯನ್ನು ಮೇಲಕ್ಕೂ ಹಿಂದಕ್ಕೂ ಮೆಲ್ಲನೆ ಎಳೆದರೆ ನಾಳ ನೇರವಾಗಿ ರಬ್ಬರು ಸಲೀಸಾಗಿ ಕೂರುತ್ತದೆ.

ಸ್ಪಂಜಿನ ತುದಿಯನ್ನು ಬೆರಳುಗಳ ನಡುವೆ ಹೊಸೆದು ಸಣ್ಣದಾಗಿಸಿ ಒಳಗಿಟ್ಟರೆ ಅದು ನಿಧಾನವಾಗಿ ಅರಳಿ ನಾಳದ ಆಕಾರವನ್ನೇ ತಾಳುತ್ತದೆ. ಒತ್ತಡ ಎಲ್ಲೆಡೆಗೂ ಹಂಚಿಹೋಗುವುದರಿಂದ ಅನೇಕರಿಗೆ ಇದು ಹಿತ. ಆದರೆ ಅದು ಬೇಗ ಸವೆಯುತ್ತದೆ. ರಬ್ಬರಿನಂತೆ ತೊಳೆದು ಬಹುಕಾಲ ಬಳಸುವಂತಿಲ್ಲ.

ಮುಚ್ಚಿದ ಕಿವಿಯಲ್ಲಿ ನಮ್ಮದೇ ಮಾತು, ಅಗಿಯುವ ಸದ್ದು, ಹೆಜ್ಜೆಯ ಸದ್ದು ದೊಡ್ಡದಾಗಿ ಕೇಳುತ್ತವೆ. ಮೂಳೆಗಳ ಮೂಲಕ ನಾಳಕ್ಕೆ ಬಂದ ಶಬ್ದಕ್ಕೆ ಹೊರಗೆ ಹೋಗಲು ದಾರಿಯಿಲ್ಲದಿರುವುದೇ ಇದಕ್ಕೆ ಕಾರಣ. ಅದು ಇಯರ್‌ಫೋನಿನ ದೋಷವಲ್ಲ. ತಂತಿ ಅಂಗಿಗೆ ಉಜ್ಜಿದ ಸದ್ದು ಕಾಡಿದರೆ, ತಂತಿಯನ್ನು ಕಿವಿಯ ಮೇಲಿನಿಂದ ಬಳಸಿ ತಂದರೆ ಕಡಮೆಯಾಗುತ್ತದೆ.

ಹೋಲಿಸುವ ಕ್ರಮ

ಎರಡು ಇಯರ್‌ಫೋನುಗಳನ್ನು ಹೋಲಿಸುವಾಗ ಮೊದಲು ಅವುಗಳ ಗಟ್ಟಿತನವನ್ನು ಸಮನಾಗಿಸಿಕೊಳ್ಳಬೇಕು. ಮೆಲ್ಲಗಿನ ಶಬ್ದದಲ್ಲಿ ನಮ್ಮ ಕಿವಿ ಮಂದ್ರಸ್ವರಗಳನ್ನು ಸರಿಯಾಗಿ ಗ್ರಹಿಸುವುದಿಲ್ಲವೆಂಬುದನ್ನು ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ೧೯೩೩ರಲ್ಲಿಯೇ ತೋರಿಸಿಕೊಟ್ಟರು. ಆದಕಾರಣ ತುಸು ಗಟ್ಟಿಯಾಗಿ ನುಡಿಯುವುದೇ ಹೆಚ್ಚು ತುಂಬಿದ ನಾದದ್ದೆಂದು ತೋರಿ ನಾವು ಮೋಸಹೋಗುತ್ತೇವೆ. ವಾರ್ತೆ ಓದುವವರ ದನಿಯನ್ನು ಎರಡರಲ್ಲಿಯೂ ಸಮನಾಗಿ ಕೇಳಿಸುವಂತೆ ಮಾಡಿಕೊಂಡು ಆಮೇಲೆ ಸಂಗೀತಕ್ಕೆ ಹೋಗಿರಿ.

ಪರಿಚಯದ ಒಂದೇ ಕಚೇರಿಯನ್ನು ಆರಿಸಿಕೊಂಡು ಮೂರು ಸಂಗತಿಗಳನ್ನು ಪರೀಕ್ಷಿಸಿರಿ. ಮೊದಲನೆಯದು, ಮೃದಂಗದ ಎಡಮುಖದ ನಾದ: ಇಯರ್‌ಫೋನನ್ನು ಬೆರಳಿನಿಂದ ಮೆಲ್ಲನೆ ಒಳಕ್ಕೆ ಒತ್ತಿದಾಗ ಅದು ಥಟ್ಟನೆ ಹೆಚ್ಚಿದರೆ ಸೋರಿಕೆಯಿದೆಯೆಂದು ತಿಳಿಯಿರಿ. ಎರಡನೆಯದು, ಸಾಹಿತ್ಯದ ಸ್ಪಷ್ಟತೆ: ಮೃದಂಗ ಜೋರಾಗಿ ನುಡಿಯುವಾಗಲೂ ಗಾಯಕನ ಪದಗಳು ಬಿಡಿಬಿಡಿಯಾಗಿ ಕೇಳಬೇಕು. ಮೂರನೆಯದು, ‘ಸ’ ‘ಶ’ ‘ಚ’ ಅಕ್ಷರಗಳೂ ತಾಳದ ಕಿಣಿಯೂ: ಅವು ಸ್ಪಷ್ಟವಾಗಿರಬೇಕು, ಚುಚ್ಚಬಾರದು. ಕೊನೆಗೆ ಒಂದು ಗಂಟೆ ಕಿವಿಯಲ್ಲಿಯೇ ಇಟ್ಟುಕೊಂಡು ನೋಡಿರಿ. ಅಂಗಡಿಯಲ್ಲಿ ಎರಡು ನಿಮಿಷ ಹಿತವಾದುದು ಮನೆಯಲ್ಲಿಯೂ ಹಿತವಾಗಿರುವುದೆಂಬ ನಿಯಮವಿಲ್ಲ.

ಕಿವಿಯ ಆಯುಸ್ಸು

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು. ನಮ್ಮ ವಿದ್ಯಾರ್ಥಿ ನಾದ ತೆಳುವೆಂದು ಎರಡು ತಿಂಗಳ ಕಾಲ ಬಸ್ಸಿನಲ್ಲಿ ಶಬ್ದವನ್ನು ತುದಿಯವರೆಗೆ ಏರಿಸಿಕೊಂಡು ಕೇಳಿದ್ದನು. ರಾತ್ರಿ ಮಲಗಿದಾಗ ಕಿವಿಯಲ್ಲಿ ‘ಗುಂಯ್’ ಎನ್ನುವುದೆಂದು, ನಾವು ಕೇಳಿದ ಮೇಲೆ, ಮೆಲ್ಲನೆ ಒಪ್ಪಿಕೊಂಡನು. ಕೂಡಲೇ ಕಿವಿಯ ವೈದ್ಯರನ್ನು ಕಾಣುವಂತೆ ಹೇಳಿ ಕಳುಹಿಸಿದೆವು.

ಒಳಗಿವಿಯಲ್ಲಿ, ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡಿರುವ ಕಾಕ್ಲಿಯ ಎಂಬ ಅಂಗದಲ್ಲಿ ಸುಮಾರು ೧೫ ಸಾವಿರ ರೋಮಕೋಶಗಳಿವೆ. ಶಬ್ದವನ್ನು ನರಗಳಿಗೆ ಮುಟ್ಟಿಸುವ ವ್ಯವಸ್ಥೆ ನಿಂತಿರುವುದು ಇವುಗಳ ಮೇಲೆ. ಪಕ್ಷಿಗಳಲ್ಲಿ ನಾಶವಾದ ರೋಮಕೋಶಗಳು ಮತ್ತೆ ಹುಟ್ಟುತ್ತವೆ, ಮನುಷ್ಯನಲ್ಲಿ ಹುಟ್ಟುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ೮೦ ಡೆಸಿಬೆಲ್ ಶಬ್ದವನ್ನು ವಾರಕ್ಕೆ ೪೦ ಗಂಟೆ ಕೇಳಬಹುದು. ಮಟ್ಟ ೩ ಡೆಸಿಬೆಲ್ ಏರಿದರೆ ಶಬ್ದದ ಶಕ್ತಿ ಇಮ್ಮಡಿಯಾಗುವುದರಿಂದ ಅವಧಿ ಅರ್ಧವಾಗುತ್ತದೆ. ೯೦ ಡೆಸಿಬೆಲಿಗೆ ವಾರಕ್ಕೆ ೪ ಗಂಟೆ ಮಾತ್ರ. ಜಗತ್ತಿನಲ್ಲಿ ೧೨ರಿಂದ ೩೫ ವರ್ಷದೊಳಗಿನ ೧೦೦ ಕೋಟಿಗೂ ಮಿಕ್ಕಿದ ಜನ ಈ ಬಗೆಯ ಅಪಾಯದಲ್ಲಿದ್ದಾರೆಂದು ಅದೇ ಸಂಸ್ಥೆ ೨೦೨೨ರಲ್ಲಿ ಎಚ್ಚರಿಸಿತು.

ಇಲ್ಲಿಯೂ ರಬ್ಬರಿನ ಮಹತ್ತ್ವವನ್ನು ಗಮನಿಸಿರಿ. ಚೆನ್ನಾಗಿ ಕುಳಿತ ರಬ್ಬರು ಬಸ್ಸಿನ ಗದ್ದಲವನ್ನು ೧೦ ಡೆಸಿಬೆಲ್ ತಡೆಯಿತೆಂದು ಇಟ್ಟುಕೊಳ್ಳೋಣ. ಹಾಡನ್ನೂ ೧೦ ಡೆಸಿಬೆಲ್ ತಗ್ಗಿಸಿಯೇ ಅಷ್ಟೇ ಸ್ಪಷ್ಟವಾಗಿ ಕೇಳಬಹುದು. ಕಿವಿಗೆ ಬೀಳುವ ಶಕ್ತಿ ಹತ್ತರಲ್ಲಿ ಒಂದು ಪಾಲಾಗುತ್ತದೆ. ಆದರೆ ಹೊರಗಿನ ಶಬ್ದವನ್ನು ತಡೆಯುವ ಈ ಗುಣವೇ ರಸ್ತೆ ದಾಟುವಾಗ, ರೈಲುಹಳಿಯ ಬಳಿ ನಡೆಯುವಾಗ ಪ್ರಾಣಕ್ಕೆ ಮುಳುವಾಗಬಲ್ಲದು. ಅಂಥ ಕಡೆ ಇಯರ್‌ಫೋನು ಜೇಬಿನಲ್ಲಿರಲಿ.

ವಾಚಕರು ಒಂದು ಲೆಕ್ಕವನ್ನು ತಾವೇ ಮಾಡಲಿ. ಒಬ್ಬನು ದಿನಕ್ಕೆ ಎರಡು ಗಂಟೆಯಂತೆ ವಾರವಿಡೀ ೮೬ ಡೆಸಿಬೆಲ್ ಮಟ್ಟದಲ್ಲಿ ಹಾಡು ಕೇಳುತ್ತಾನೆ. ಅವನು ಮಿತಿಯೊಳಗಿದ್ದಾನೆಯೆ? ಇಲ್ಲದಿದ್ದರೆ ಎಷ್ಟು ಡೆಸಿಬೆಲ್ ತಗ್ಗಿಸಿದರೆ ಸಾಕಾದೀತು? ಉತ್ತರ ಕಂಡುಕೊಂಡವರು ಹೊಸ ಇಯರ್‌ಫೋನನ್ನು ಕೊಳ್ಳುವ ಮುನ್ನ, ಹಳೆಯದರ ಪೆಟ್ಟಿಗೆಯನ್ನು ತೆರೆದು, ಅದರೊಳಗೆ ಮುಟ್ಟದೆ ಬಿಟ್ಟ ರಬ್ಬರುಗಳನ್ನು ಒಮ್ಮೆ ಹಾಕಿ ನೋಡಲಿ.