ಶಾಲೆಯಲ್ಲಿ ಚಡ್ಡಿ ಒದ್ದೆಯಾದರೆ

5 ವರ್ಷ ದಾಟಿದ ಮಗು ಹಗಲಿನಲ್ಲೂ ಚಡ್ಡಿ ಒದ್ದೆ ಮಾಡಿಕೊಂಡರೆ ಮನೆಯವರು ಗದರುವುದುಂಟು. ಮಗು ಬೇಕೆಂದು ಹೀಗೆ ಮಾಡುವುದು ತೀರಾ ಅಪರೂಪ. ಶಾಲೆಯ ಶೌಚಾಲಯ ಗಲೀಜಾಗಿದ್ದರೆ, ಪಾಠದ ನಡುವೆ ಹೊರಗೆ ಬಿಡದಿದ್ದರೆ, ಅದು ಕಾಲು ಹೆಣೆದುಕೊಂಡು ಮೂತ್ರ ತಡೆಯುತ್ತದೆ, ಕೊನೆಗೆ ತಡೆಯಲಾಗುವುದಿಲ್ಲ. ಮಲಬದ್ಧತೆಯೂ ದೊಡ್ಡ ಕಾರಣ. ಗಟ್ಟಿ ಮಲ ತುಂಬಿದ ಕರುಳು ಪಕ್ಕದ ಮೂತ್ರಕೋಶವನ್ನು ಒತ್ತುತ್ತದೆ. ಎಷ್ಟೋ ಮಕ್ಕಳಿಗೆ ಹೊಟ್ಟೆ ಸರಿಹೋದರೆ ಇದೂ ಸರಿಹೋಗುತ್ತದೆ.

ಕುಡಿಯುವ ನೀರನ್ನು ಕಡಿಮೆ ಮಾಡಬೇಡಿ. 2-3 ಗಂಟೆಗೊಮ್ಮೆ, ಬರದಿದ್ದರೂ, ಮೂತ್ರಕ್ಕೆ ಕಳುಹಿಸಿ. ಟೀಚರಿಗೆ ಮಾತ್ರ ವಿಷಯ ತಿಳಿಸಿ, ಚೀಲದಲ್ಲಿ ಇನ್ನೊಂದು ಚಡ್ಡಿಯಿಡಿ. ಉರಿಮೂತ್ರ, ಜ್ವರ ಅಥವಾ ಸದಾ ತೊಟ್ಟಿಕ್ಕುವುದು ಇದ್ದರೆ ವೈದ್ಯರಿಗೆ ತೋರಿಸಿ. ಅತಿಯಾದ ಬಾಯಾರಿಕೆಯೊಡನೆ ಮಗು ಸೊರಗುತ್ತಿದ್ದರೆ ಅಂದೇ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಬೇಕು.